ತಪ್ಪು ಕೊಳವೆಗೆ ಬಿದ್ದ ಬೆನ್ನುನೀರು

ಅಲ್ಗೋಟ ಇಪ್ಪತ್ತೊಂಬತ್ತು ವರ್ಷ ಜನರನ್ನು ಒಂದೇ ಕಡಲಗಂಡಿ ದಾಟಿಸಿದವನು. ನಮ್ಮ ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ ಕಾರು, ಲಾರಿ, ಅಂಚೆಗಾಡಿಗಳನ್ನು ಹೊತ್ತು ದ್ವೀಪಕ್ಕೂ ಊರಿಗೂ ಓಡಾಡುವ ಹಳದಿ ದೋಣಿಗಳಿವೆ, ಅಂಥದ್ದೊಂದರ ಚಾಲಕ. ಈ ದಡದಿಂದ ಆ ದಡಕ್ಕೆ ಏಳು ನಿಮಿಷ, ದಿನಕ್ಕೆ ಇಪ್ಪತ್ತೆಂಟು ಸಲ. ಬೇರೆಯವರಾಗಿದ್ದರೆ ಬೇಸತ್ತು ಬಿಡುತ್ತಿದ್ದರು. ಅಲ್ಗೋಟನಿಗೆ ಬೇಸರ ಗೊತ್ತಿರಲಿಲ್ಲ, ಹೇಸಿಗೆ ಗೊತ್ತಿತ್ತು. ಚುಕ್ಕಾಣಿ ಕೋಣೆಯಲ್ಲಿ ಯಾರಾದರೂ ಕಾಫಿ ಲೋಟದ ಗುರುತು ಬಿಟ್ಟುಹೋದರೆ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಸುಳ್ಳು ಹೇಳುವವರನ್ನೂ ಮೀನನ್ನು ಸರಿಯಾಗಿ ತೊಳೆಯದವರನ್ನೂ ಅವನು ಒಂದೇ ಮುಖ ಮಾಡಿಕೊಂಡು ನೋಡುತ್ತಿದ್ದ. ಅವನ ಹೆಂಡತಿ ಸಿಗ್ನೆ ದ್ವೀಪದ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡನ ಆ ಮುಖಕ್ಕೆ ಅವಳು ಕೊಳೆಸಿದ ಮೀನಿನ ಡಬ್ಬಿ ತೆಗೆದವನ ಮುಖ ಎಂದು ಹೆಸರಿಟ್ಟು ಮೂವತ್ತನಾಲ್ಕು ವರ್ಷ ನಕ್ಕಿದ್ದಳು.

ಇದನ್ನೆಲ್ಲ ಅವನೇ ನನಗೆ ಹೇಳಿದ್ದು. ನಾನು ಇಂಗೆಲಾ. ಅವನಿಗೆ ನೆಂಟಳಲ್ಲ, ನೆರೆಯವಳಲ್ಲ. ನಗರದ ಒಂದು ಪ್ರಯೋಗಾಲಯದಲ್ಲಿ, ಜನರ ಬೆನ್ನುಮೂಳೆಯ ಸಂದಿಯಿಂದ ಸೂಜಿ ಚುಚ್ಚಿ ತೆಗೆದ ನೀರನ್ನು ಪರೀಕ್ಷಿಸುವ ಕೆಲಸ ನನ್ನದು. ಅಲ್ಗೋಟನ ಬೆನ್ನುನೀರನ್ನು ಅಳೆದು ಸಂಖ್ಯೆ ಬರೆದವಳು ನಾನೇ.

ಅರವತ್ತಕ್ಕೆ ಅವನಿಗೆ ಮರೆವು ಶುರುವಾಯಿತು. ಮೊದಲು ಜನರ ಹೆಸರು, ಆಮೇಲೆ ಆಗಷ್ಟೇ ಮಾಡಿದ ಕೆಲಸ. ಬೆಳಿಗ್ಗೆ ಎದ್ದರೆ ತಲೆಯೊಳಗೆ ಒದ್ದೆ ಹತ್ತಿ ತುರುಕಿದ ಹಾಗೆ ಇರುತ್ತಿತ್ತು. ಒಂದು ಅಕ್ಟೋಬರ್ ಬೆಳಿಗ್ಗೆ ಬ್ರೆಡ್ಡಿನ ಗಾಡಿ ಇನ್ನೂ ಹತ್ತುತ್ತಿರುವಾಗಲೇ ದೋಣಿಯನ್ನು ದಡ ಬಿಡಿಸಿದ. ಗಾಡಿಯ ಹಿಂದಿನ ಚಕ್ರ ನೀರಿನ ಮೇಲೆ ನೇತಾಡಿತು. ಯಾರಿಗೂ ಪೆಟ್ಟಾಗಲಿಲ್ಲ. ಗಾಡಿಯವನು ಇಳಿದು ಬಂದು ಬಯ್ಯಲೂ ಇಲ್ಲ, "ನೀನಾ ಅಲ್ಗೋಟ, ನೀನು ಹಿಂಗ್ ಮಾಡೋದಾ?" ಎಂದನಂತೆ. ಅವತ್ತೇ ಅಲ್ಗೋಟ ಚುಕ್ಕಾಣಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಯಾರೂ ಹೇಳದೆ ತಾನೇ ವೈದ್ಯರ ಬಳಿಗೆ ಹೋದ.

ಅವರು ಕಳಿಸಿದ್ದು ಉತ್ತರದ ಕಡೆಯ ಒಂದು ಸಣ್ಣ ಆಸ್ಪತ್ರೆಯ ಮರೆವಿನ ವಿಭಾಗಕ್ಕೆ. ಅದರ ಮುಖ್ಯಸ್ಥ ಹೋಕನ್, ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವ, ಮಾತಾಡುವಾಗ ಎದುರಿಗಿದ್ದವರ ಮೊಣಕೈ ಮುಟ್ಟುವ ಮನುಷ್ಯ. ಗಡಿಯಾರದ ಚಿತ್ರ ಬರೆಸಿದ, ಹತ್ತು ಪದ ಹೇಳಿ ತಿರುಗಿ ಹೇಳಿಸಿದ. ಅಲ್ಗೋಟನಿಗೆ ನಾಲ್ಕು ನೆನಪಿದ್ದವು. ಮಿದುಳಿನ ಸ್ಕ್ಯಾನ್ ಆಯಿತು. ನೆನಪಿನ ಜಾಗ ತುಸು ಸೊರಗಿದ ಹಾಗಿದೆ, ವಯಸ್ಸಿಗೂ ಇರಬಹುದು ಎಂದು ಅದರಲ್ಲಿ ಬರೆದಿತ್ತು. ಆಮೇಲೆ ಬೆನ್ನು ಬಾಗಿಸಿ ಕೂರಿಸಿ ಸೂಜಿ ಹಾಕಿದರು. ಹನಿ ಹನಿಯಾಗಿ ಇಳಿದ ತಿಳಿನೀರನ್ನು ನರ್ಸು ಒಂದು ಕೊಳವೆಯಲ್ಲಿ ಹಿಡಿದಳು. ಸಿಗ್ನೆ ಜೊತೆಗಿದ್ದಳು. ಗಂಡ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರೇ ನಿಂತ ಹಾಗೆ ಆಗುತ್ತಾನೆ ಎಂದು ಅವಳು ಹೇಳಿದ್ದಳು. ಹೋಕನ್ ತಲೆಯಾಡಿಸಿದ, ಬರೆದುಕೊಳ್ಳಲಿಲ್ಲ.

ನನ್ನ ಕೆಲಸದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅಲ್‌ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಅಂಟು ಪದಾರ್ಥ ಮಿದುಳಿನಲ್ಲಿ ಗಂಟುಗಟ್ಟಿ ಕೂರುತ್ತದೆ. ಅಲ್ಲಿ ಕೂತ ಹಾಗೆಲ್ಲ ಬೆನ್ನುನೀರಿನಲ್ಲಿ ಅದರ ಪ್ರಮಾಣ ಇಳಿಯುತ್ತದೆ. ನೀರಿನಲ್ಲಿ ಕಡಿಮೆ ಕಂಡರೆ ಮಿದುಳಿನಲ್ಲಿ ಹೆಚ್ಚಿದೆ ಎಂದು ನಾವು ತಿಳಿಯುತ್ತೇವೆ. ಆದರೆ ಅದು ಎಂಥ ಅಂಟೆಂದರೆ ಪ್ಲಾಸ್ಟಿಕ್ಕಿಗೂ ಹಿಡಿದುಕೊಳ್ಳುತ್ತದೆ. ಹಾಲುಬಣ್ಣದ ಒಂದು ಬಗೆಯ ಕೊಳವೆಗೆ ಅಷ್ಟಾಗಿ ಅಂಟುವುದಿಲ್ಲ. ಗಾಜಿನ ಹಾಗೆ ಹೊಳೆಯುವ ಇನ್ನೊಂದು ಬಗೆಗೆ ಚೆನ್ನಾಗಿ ಅಂಟುತ್ತದೆ. ಹಾಲುಬಣ್ಣದ್ದರಲ್ಲೇ ಕಳಿಸಬೇಕು ಎಂದು ಎಲ್ಲ ಆಸ್ಪತ್ರೆಗಳಿಗೂ ಬರೆದು ಕೊಟ್ಟಿದ್ದೆವು. ಆ ಆಸ್ಪತ್ರೆಯ ಉಗ್ರಾಣದವರು ಯಾವಾಗಲೋ ಹೊಳೆಯುವ ಕೊಳವೆ ತರಿಸಿದರು. ಯಾರೂ ನೋಡಲಿಲ್ಲ. ಅಲ್ಗೋಟನ ಅಮಿಲಾಯ್ಡ್ ಅರ್ಧಕ್ಕರ್ಧ ಕೊಳವೆಯ ಗೋಡೆಗೆ ಅಂಟಿಕೊಂಡಿತು. ಉಳಿದದ್ದನ್ನು ನಾನು ಅಳೆದೆ. ಬಹಳ ಕಡಿಮೆ ಬಂತು.

ಕಾಯಿಲೆಯಿದ್ದರೆ ಏರಬೇಕಾದ ಇನ್ನೊಂದು ಪದಾರ್ಥ ಅವನಲ್ಲಿ ಏರಿರಲಿಲ್ಲ. ಅದನ್ನೂ ನಾನು ಬರೆದು ಕಳಿಸಿದ್ದೆ. ಅಷ್ಟು ಕಂಡರೆ ನಿಂತು ಯೋಚಿಸಬೇಕು. ಹೋಕನ್ ನಿಲ್ಲಲಿಲ್ಲ. ಮೊಣಕೈ ಮುಟ್ಟಿ, ಇದು ಅಲ್‌ಝೈಮರ್, ಇನ್ನೂ ಮೊದಲ ಹಂತ ಎಂದ. ಖಂಡಿತವಾ ಎಂದು ಅಲ್ಗೋಟ ಕೇಳಿದ್ದಕ್ಕೆ, "ಜನ ತಪ್ಪು ಹೇಳ್ತಾರೆ ಅಲ್ಗೋಟ, ಬೆನ್ನುನೀರು ಹೇಳಲ್ಲ" ಎಂದನಂತೆ.

ದೋಣಿಯ ಪರವಾನಗಿ ಹೋಯಿತು, ಕಾರಿನದ್ದೂ ಹೋಯಿತು. ಸಿಗ್ನೆ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಅಡುಗೆಮನೆಯ ಕಪಾಟುಗಳ ಮೇಲೆ ಚೀಟಿ ಹಚ್ಚಿದಳು: ಲೋಟ, ತಟ್ಟೆ, ಸಕ್ಕರೆ. ಪ್ರತಿ ಬುಧವಾರ ಚರ್ಚಿನ ಸಭಾಂಗಣದಲ್ಲಿ ಮರೆವಿನವರ ಕೂಟ ನಡೆಯುತ್ತಿತ್ತು. ಅಲ್ಲಿ ಬಣ್ಣದ ಅಂಗಿಯ ಒಬ್ಬಾಕೆ ದೊಡ್ಡವರ ಕೈಯಲ್ಲಿ ಶಿಶುಗೀತೆ ಹಾಡಿಸಿ, ಚಪ್ಪಾಳೆ ತಟ್ಟಿ, ದಾಲ್ಚಿನ್ನಿ ಬನ್ನು ಕೊಡುತ್ತಿದ್ದಳು. ಪಕ್ಕದವನ ಗಲ್ಲದಿಂದ ಜೊಲ್ಲು ಇಳಿದು ಬನ್ನಿನ ಮೇಲೆ ಬೀಳುವುದನ್ನು ನೋಡುತ್ತಾ, ಮುಂದಿನ ವರ್ಷ ಇದು ನಾನು ಎಂದುಕೊಳ್ಳುತ್ತಾ ಅಲ್ಗೋಟ ಕೂತಿರುತ್ತಿದ್ದ. ಮಾತ್ರೆಗಳಿಂದ ಸದಾ ಹೊಟ್ಟೆ ತೊಳಸುತ್ತಿತ್ತು. ಆದರೆ ಅವನಿಗೆ ಎಲ್ಲಕ್ಕಿಂತ ಅಸಹ್ಯವಾದದ್ದು ದನಿ. ದ್ವೀಪದವರೆಲ್ಲ ಅವನ ಜೊತೆ ನಿಧಾನವಾಗಿ, ಎತ್ತರಿಸಿ, ಎಳೆದೆಳೆದು ಮಾತಾಡತೊಡಗಿದರು. ಅಂಗಡಿಯವಳು ಚಿಲ್ಲರೆಯನ್ನು ಅವನ ಕೈಗೆ ಕೊಡದೆ ಸಿಗ್ನೆಯ ಕೈಗೆ ಕೊಡತೊಡಗಿದಳು.

ಸಿಗ್ನೆಯ ತಮ್ಮ ರೂನೆ ಅದೇ ದ್ವೀಪದವನು. ಅಲ್ಗೋಟನ ಮರದ ಮೀನುದೋಣಿಯ ಮೇಲೆ ಅವನಿಗೆ ಹಿಂದಿನಿಂದಲೂ ಕಣ್ಣಿತ್ತು. "ನಿಂಗ್ಯಾಕೆ ಭಾವ ಇನ್ನು ಅದರ ತಾಪತ್ರಯ" ಎಂದು ಹೇಳಿ ಒಂದು ಶನಿವಾರ ದೋಣಿಯ ಹಗ್ಗ ಬಿಚ್ಚಿ ಒಯ್ದ. ಅಲ್ಗೋಟ ಪ್ರತಿ ವಸಂತದಲ್ಲಿ ಉಜ್ಜಿ ಎಣ್ಣೆ ಹಚ್ಚುತ್ತಿದ್ದ ಹಲಗೆಗಳ ಮೇಲೆ ಕಂದು ಬಣ್ಣ ಬಳಿದ. ಮೀನಿನ ಕರುಳನ್ನು ದೋಣಿಯ ತಳದಲ್ಲೇ ಬಿಟ್ಟು ಹೋಗುತ್ತಿದ್ದ. ಕಡಲಹಕ್ಕಿಗಳು ಬಂದು ಕುಕ್ಕಿ ಹೇತು ಹೋಗುವುದು ಅಲ್ಗೋಟನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಇಷ್ಟು ಮಾಡಿದವನು ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, ಕಿವುಡನಿಗೆ ಕೂಗುವ ಹಾಗೆ ತನ್ನ ಗುರುತು ಸಿಕ್ಕಿತಾ ಎಂದು ಕೇಳುತ್ತಿದ್ದ.

ಒಂದು ಸಲ ಅಲ್ಗೋಟ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲ. ಚರಂಡಿ ರಿಪೇರಿಗೆ ಬಂದವ್ರಾ ನೀವು?" ಎಂದ.

ರೂನೆಯ ಮುಖ ಬಿಳಿಚಿಕೊಂಡಿತು. ಒಂದು ತಿಂಗಳು ಅವನು ಆ ಕಡೆ ತಲೆ ಹಾಕಲಿಲ್ಲ. ಎರಡು ವರ್ಷದಲ್ಲಿ ತಾನು ಖುಷಿಪಟ್ಟದ್ದು ಅದೊಂದೇ ದಿನ ಎಂದು ಅಲ್ಗೋಟ ನನಗೆ ಹೇಳಿದ. ಆಮೇಲೆ ಅದು ಅಭ್ಯಾಸವಾಯಿತು. ಬೇಡದ ಜನ ಬಂದರೆ ಮರೆತವನ ಹಾಗೆ ಕೂರುವುದು, ಬೇಡದ ಕೆಲಸ ಬಂದರೆ ಕೈ ನಡುಗಿಸುವುದು. ಕಾಯಿಲೆಯವನಿಗೆ ಯಾರೂ ಏನೂ ಅನ್ನುವುದಿಲ್ಲ. ಯಾವುದು ನಿಜವಾದ ಮರೆವು, ಯಾವುದು ನಟನೆ ಎಂಬುದು ಕೆಲವು ದಿನ ಅವನಿಗೇ ತಿಳಿಯುತ್ತಿರಲಿಲ್ಲವಂತೆ. ಆದರೆ ನಾನು ಈಗ ಹೇಳುವ ದಿನ ಅವನಿಗೆ ಚೆನ್ನಾಗಿ ತಿಳಿದಿತ್ತು.

ನವೆಂಬರಿನ ಒಂದು ಬೆಳಿಗ್ಗೆ ಸಿಗ್ನೆ ಅವನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ, ಮಕ್ಕಳಿಗೆ ಮಾಡುವ ಹಾಗೆ ನಾಲ್ಕು ತುಂಡು ಮಾಡುತ್ತಿದ್ದಳು. ಅವನ ಕುತ್ತಿಗೆಗೆ ಬಟ್ಟೆ ಕಟ್ಟಿದ್ದಳು. "ಈಗ ಅಲ್ಗೋಟ ತಿಂಡಿ ತಿಂತಾನೆ, ಆಮೇಲೆ ಸಿಗ್ನೆ ಅವನಿಗೆ ಸಾಕ್ಸ್ ಹಾಕ್ತಾಳೆ" ಎಂದು ಹಾಡಿನ ಹಾಗೆ ಹೇಳುತ್ತಿದ್ದಳು. ಅವಳ ಬೆರಳಿಗೆ ಹತ್ತಿದ ಬೆಣ್ಣೆ, ಆ ದನಿ, ಕತ್ತಿನ ಬಟ್ಟೆ ಎಲ್ಲ ಸೇರಿ ಅವನಿಗೆ ವಾಂತಿ ಬರುವಷ್ಟು ಹೇಸಿಗೆಯಾಯಿತು. ತಲೆಯೆತ್ತಿ ಅವಳ ಕಣ್ಣನ್ನೇ ನೋಡಿ ಕೇಳಿದ: "ಯಾರು ನೀನು?"

ಸಿಗ್ನೆ ಚಾಕುವನ್ನು ಮೆಲ್ಲಗೆ ಕೆಳಗಿಟ್ಟಳು. ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರ ಹಾಕಿದ ಸದ್ದಿನ ನಡುವೆಯೂ ಅವಳ ಅಳು ಕೇಳಿಸಿತು.

"ಎದ್ದು ಹೋಗಿ ಸುಳ್ಳು ಅಂತ ಹೇಳ್ಬೋದಿತ್ತು," ಅಲ್ಗೋಟ ನನಗೆ ಹೇಳಿದ. "ಹೇಳ್ಲಿಲ್ಲ. ನಾಲ್ಕೂ ತುಂಡು ತಿಂದೆ."

ಇಷ್ಟೂ ದಿನ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಬಚ್ಚಿಡುವುದಿಲ್ಲ. ಅಲ್ಗೋಟನ ನೀರು ಬಂದ ಕೆಲವು ತಿಂಗಳಿಗೆ, ಆ ಒಂದು ಆಸ್ಪತ್ರೆಯಿಂದ ಬಂದವರೆಲ್ಲರ ಅಮಿಲಾಯ್ಡ್ ಕಡಿಮೆಯಿದ್ದು ಉಳಿದದ್ದು ಸರಿಯಿರುವುದು ನನ್ನ ಗಮನಕ್ಕೆ ಬಂತು. ಡಬ್ಬಿಯಿಂದ ಕೊಳವೆ ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಹಾಗೆ ಹೊಳೆಯಿತು. ಹಾಗೆ ಬಂದವು ಇಪ್ಪತ್ತೇಳು ಜನರ ಕೊಳವೆಗಳು. ಅವತ್ತೇ ಹೋಕನ್‌ಗೆ ಪತ್ರ ಬರೆದೆ. ಉತ್ತರವಿಲ್ಲ. ಎರಡನೆಯ ಸಲ ಬರೆದೆ. ಅದಕ್ಕೂ ಇಲ್ಲ. ನಮ್ಮ ವಿಭಾಗದ ಹಿರಿಯನ ಬಳಿಗೆ ಹೋದಾಗ, ನಮ್ಮ ಹೊಣೆ ಸಂಖ್ಯೆಯ ತನಕ, ರೋಗಿಗಳು ಅವರ ಹೊಣೆ ಎಂದ. ನಾನು ಸುಮ್ಮನಾದೆ. ಸಂಬಳ ತೆಗೆದುಕೊಂಡೆ, ರಜೆಯಲ್ಲಿ ಬೇಸಿಗೆ ಮನೆಗೆ ಹೋಗಿ ಸ್ಟ್ರಾಬೆರಿ ತಿಂದೆ. ಹದಿನಾಲ್ಕು ತಿಂಗಳ ಮೇಲೆ ಅಲ್ಲಿಗೆ ಹೊಸದಾಗಿ ಸೇರಿದ ಒಬ್ಬ ನರ್ಸು ಕಡತ ಜೋಡಿಸುವಾಗ ನನ್ನ ಎರಡೂ ಪತ್ರ ಸಿಕ್ಕಿದವು. ಎರಡನ್ನೂ ಒಡೆದು ಓದಿ, ಅದೇ ಕಡತದಲ್ಲಿ ಇಟ್ಟಿದ್ದರು. ಅವಳು ಕೂಗಾಡಿದ ಮೇಲೆ ಎಲ್ಲರನ್ನೂ ತಿರುಗಿ ಕರೆಸಿದರು. ಅಷ್ಟರಲ್ಲಿ ಒಬ್ಬಾಕೆ ಮನೆ ಮಾರಿ ಆರೈಕೆಯ ಮನೆ ಸೇರಿ, ಅಲ್ಲಿ ಬಿದ್ದು ಸೊಂಟ ಮುರಿದು ಸತ್ತಿದ್ದಳು.

ಅಲ್ಗೋಟನ ಬೆನ್ನುನೀರನ್ನು ಮತ್ತೆ ತೆಗೆದರು, ಈ ಸಲ ಹಾಲುಬಣ್ಣದ ಕೊಳವೆಯಲ್ಲಿ. ಅಮಿಲಾಯ್ಡ್ ಸರಿಯಾಗಿತ್ತು. ನಗರಕ್ಕೆ ಕರೆಸಿ, ಮಿದುಳಿನಲ್ಲಿ ಆ ಅಂಟು ಕೂತ ಕಡೆಯೆಲ್ಲ ಬೆಳಗುವಂಥ ಔಷಧಿ ಚುಚ್ಚಿ ಹೊಸ ಬಗೆಯ ಸ್ಕ್ಯಾನ್ ಮಾಡಿದರು. ಎಲ್ಲೂ ಬೆಳಗಲಿಲ್ಲ. ಕೊನೆಗೆ ಯಾರಿಗೋ ಗೊರಕೆಯ ವಿಚಾರ ಕೇಳಬೇಕೆನಿಸಿತು. ನಿದ್ದೆಯಲ್ಲಿ ಅವನ ಉಸಿರು ಗಂಟೆಗೆ ನಲವತ್ತು ಸಲ ನಿಲ್ಲುತ್ತಿತ್ತು. ಮೂಗಿಗೆ ಹಾಕುವ ಗಾಳಿಯ ಯಂತ್ರ ಕೊಟ್ಟರು. ಆರು ವಾರದಲ್ಲಿ ಹತ್ತು ಪದಗಳಲ್ಲಿ ಒಂಬತ್ತು ಹೇಳಿದ.

ಹೋಕನ್ ನಮ್ಮಲ್ಲಿ ಸಂಭ್ರಮಕ್ಕೆ ತರುವ ಹಸಿರು ಕೇಕು ಹಿಡಿದು ಅವರ ಮನೆಗೇ ಬಂದ. ಒಳ್ಳೆಯ ಸುದ್ದಿಯನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ ಎಂದ. ತಪ್ಪು ಎಂಬ ಪದ ಅವನ ಬಾಯಿಂದ ಬರಲಿಲ್ಲ. ಸಾಮಗ್ರಿಯ ಮಟ್ಟದಲ್ಲಿ ಒಂದು ಏರುಪೇರು ಎಂದ. ಕೇಕಿನ ದೊಡ್ಡ ತುಂಡನ್ನು ತಾನೇ ತಿಂದ. ಅವನ ಮೀಸೆಯಲ್ಲಿ ಹತ್ತಿದ ಕೆನೆಯನ್ನೇ ಅಲ್ಗೋಟ ನೋಡುತ್ತಾ ಕೂತ. ಹೋಕನ್ ಹೋದ ಮೇಲೆ ಉಳಿದ ಕೇಕನ್ನು ಹಕ್ಕಿಗಳಿಗೆ ಎಸೆದು ಬಂದ.

ಒಳಗೆ ಬಂದಾಗ ಸಿಗ್ನೆ ಮೇಜಿನ ಬಳಿ ಕೂತಿದ್ದಳು. ಅವಳು ಕುಣಿದಾಡಬಹುದು ಎಂದು ಅವನು ಅಂದುಕೊಂಡಿದ್ದ.

"ಕಾಯಿಲೆ ಇರ್ಲೇ ಇಲ್ಲ ಅಂದ್ರೆ," ಅವಳು ಕೇಳಿದಳು, "ಆವತ್ತು ಯಾರು ನೀನು ಅಂತ ನನ್ನ ಕೇಳಿದ್ಯಲ್ಲ, ಅದು ಏನು?"

ನಿದ್ದೆಗೆಟ್ಟ ಮಂಪರು ಎಂದ ಅಲ್ಗೋಟ. ಉಸಿರು ನಿಲ್ಲುತ್ತಿತ್ತಲ್ಲ, ತಲೆ ನೆಟ್ಟಗಿರಲಿಲ್ಲ ಎಂದ.

"ನನ್ನ ಮುಖ ನೋಡಿ ಹೇಳು."

ಅವನು ಕಿಟಕಿ ನೋಡಿದ. ಎರಡು ವಾರದಲ್ಲಿ ಸಿಗ್ನೆ ಆಚೆ ದಡದ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದು ಹೋದಳು. ಹೋಗುವ ಮೊದಲು ಕಪಾಟಿನ ಚೀಟಿಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದಳು.

ಅದಾದ ಮೇಲೆ ಒಂದು ಮಾರ್ಚ್ ಮಧ್ಯಾಹ್ನ ಅಲ್ಗೋಟ ಬಸ್ಸು ಹಿಡಿದು ನಮ್ಮ ಪ್ರಯೋಗಾಲಯಕ್ಕೆ ಬಂದ. ತನ್ನ ಮೊದಲ ಕೊಳವೆಯನ್ನು ನೋಡಬೇಕು ಎಂದ. ಉಳಿದ ನೀರನ್ನು ನಾವು ವರ್ಷಗಟ್ಟಲೆ ಹೆಪ್ಪುಗಟ್ಟಿಸಿ ಇಡುತ್ತೇವೆ. ನಿಯಮ ಮೀರಿ ಹೊರತೆಗೆದು ತೋರಿಸಿದೆ. ಕಿರುಬೆರಳಿನಷ್ಟು ಹೊಳೆಯುವ ಪ್ಲಾಸ್ಟಿಕ್, ಒಳಗೆ ಚಿಟಿಕೆಯಷ್ಟು ಮಂಜು. ಅವನು ಬಗ್ಗಿ ನೋಡಿದ, ಮುಟ್ಟಲಿಲ್ಲ. ನನ್ನ ಪತ್ರಗಳ ಕಥೆ ಹೇಳಿ, ಎರಡಕ್ಕೇ ನಿಲ್ಲಿಸಿಬಿಟ್ಟೆ ಎಂದೂ ಹೇಳಿದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಬಂದದ್ದು ಬೇರೆಯದಕ್ಕೆ. ಊಟದ ಕೋಣೆಯಲ್ಲಿ ಕಾಫಿ ಹಾಕಿಕೊಟ್ಟಾಗ ಎಲ್ಲವನ್ನೂ ಹೇಳಿದ, ನಾನು ಇಲ್ಲಿತನಕ ಹೇಳಿದ್ದೆಲ್ಲವನ್ನೂ. ಹೇಳಿ ಮುಗಿಸಿ ಲೋಟವನ್ನು ಕೆಳಗಿಟ್ಟ.

"ನೋಡು ಮಾರಾಯ್ತಿ, ಅದರಲ್ಲಿ ಸ್ವಲ್ಪನಾದ್ರೂ ಕಾಯಿಲೆ ಸಿಗಲ್ವಾ? ಇನ್ನೊಂದ್ಸಲ ಅಳೆದು ನೋಡು. ಆ ನವೆಂಬರಿಗೆ ಸ್ವಲ್ಪ ಇತ್ತು, ಆಮೇಲೆ ಹೋಯ್ತು ಅಂತ ಒಂದು ಕಾಗದ ಬರ್ಕೊಡು. ಸಿಗ್ನೆಗೆ ತೋರಿಸ್ತೀನಿ."

ಹೋಗಲಾರದ ಕಾಯಿಲೆ ಎಂದು ಎರಡು ವರ್ಷ ಹೆದರಿ ಸತ್ತವನು ಅದನ್ನೇ ಚೂರು ಕೊಡು ಎಂದು ಬೇಡುತ್ತಿದ್ದ. ಆ ಕ್ಷಣ ಅವನ ಮೇಲೆ ಹೇಸಿಗೆ ಬಂತು, ಹಾಗೆ ಬೇಡುವ ಹಾಗೆ ಮಾಡಿದ ನಮ್ಮ ಮೇಲೆ ಅದಕ್ಕಿಂತ ಹೆಚ್ಚು ಬಂತು. ಇಷ್ಟೆಲ್ಲ ಮೋಸ ಆದಮೇಲೆ ಇನ್ನೊಂದು ಸುಳ್ಳು ಸಂಖ್ಯೆಗೇನು ಎಂದು ಒಂದು ಗಳಿಗೆ ಅನಿಸಿದ್ದೂ ನಿಜ.

"ಆಗಲ್ಲ ಅಲ್ಗೋಟ," ಎಂದೆ. "ಸಿಕ್ಕಿದ್ರೂ ಪ್ರಯೋಜನ ಇಲ್ಲ. ಅಮಿಲಾಯ್ಡ್ ಎಷ್ಟಿದೆ ಅಂತ ಆ ನೀರು ಹೇಳುತ್ತೆ. ನೀನು ಗೊತ್ತಿದ್ದೇ ಕೇಳಿದ್ಯೋ ಇಲ್ವೋ ಅನ್ನೋದು ಅದಕ್ಕೆ ಗೊತ್ತಿಲ್ಲ. ನಿನಗೆ ಗೊತ್ತು."

ಅವನು ತನ್ನ ಲೋಟವನ್ನು ತಾನೇ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು ಹೋದ.

ಮುಂದಿನ ಭಾನುವಾರ ಅವನು ಸಿಗ್ನೆಯ ಮನೆಗೆ ಹೋದನಂತೆ. ಹೊಸ್ತಿಲಲ್ಲೇ ನಿಂತು, "ಗೊತ್ತಿದ್ದೇ ಕೇಳಿದೆ" ಎಂದ.

ಸಿಗ್ನೆ ಬಾಗಿಲು ಹಾಕಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. "ಆವತ್ತೇ ಗೊತ್ತಾಗಿತ್ತು ನಂಗೆ," ಎಂದಳು. "ನಿನ್ನ ಆ ಮೀನಿನ ಡಬ್ಬಿ ಮುಖ ನಾನು ನೋಡಿಲ್ವಾ. ಮರೆತವರು ಹಾಗೆ ನೋಡಲ್ಲ. ಕಾಯಿಲೆ ಅಂದ್ಕೊಂಡ್ರೆ ನಿನ್ನ ಜೊತೆ ಇರೋಕೆ ಆಗ್ತಿತ್ತು, ಅದಕ್ಕೇ ಹಾಗೆ ಅಂದ್ಕೊಂಡೆ."

ಅವರಿಬ್ಬರೂ ಕಾಗದದ ಮೇಲೆ ಬೇರೆಯಾಗಲಿಲ್ಲ, ಜೊತೆಗೂ ಇರಲಿಲ್ಲ. ಅಲ್ಗೋಟನಿಗೆ ಪರವಾನಗಿ ತಿರುಗಿ ಸಿಕ್ಕಿತು. ದೋಣಿಯಲ್ಲಿ ಮೊದಲ ವಾರ ಒಬ್ಬಾಕೆ ಚುಕ್ಕಾಣಿ ಕೋಣೆಯಲ್ಲಿ ಅವನನ್ನು ಕಂಡು ಕಾರನ್ನು ಹಿಂದಕ್ಕೆ ತೆಗೆದುಕೊಂಡು ಮುಂದಿನ ಸರದಿಗೆ ಕಾದಳು. ಅವನು ನೋಡಿಯೂ ನೋಡದ ಹಾಗೆ ಇದ್ದ. ರೂನೆಯ ಮನೆಗೆ ಹೋಗಿ ಆ ದಿನ ಗುರುತು ಸಿಕ್ಕಿತ್ತು ಎಂದೂ ಹೇಳಿ ಬಂದ. ರೂನೆ ಮೀನುದೋಣಿ ತಿರುಗಿ ಕೊಡಲು ಮುಂದಾದ. ಕಂದು ಬಣ್ಣದ ಆ ನಾತದ ದೋಣಿ ತನಗೆ ಬೇಡ ಎಂದ ಅಲ್ಗೋಟ. ಗುರುವಾರ ಗುರುವಾರ, ಬಂಗುಡೆ ಸಿಕ್ಕರೆ, ಕರುಳು ತೆಗೆದು ಚೆನ್ನಾಗಿ ತೊಳೆದು ಸಿಗ್ನೆಯ ಬಾಗಿಲಿಗೆ ಒಯ್ಯುತ್ತಿದ್ದ. ಅವಳು ತೆಗೆದುಕೊಳ್ಳುತ್ತಿದ್ದಳು. ಕೆಲವು ಸಲ ಒಳಗೆ ಕರೆದು ಅಲ್ಲೇ ಹುರಿದು ಬಡಿಸುತ್ತಿದ್ದಳು.

ಕೊಳವೆಗಳ ಬಗ್ಗೆ ದೂರು ಮೇಲಿನ ಇಲಾಖೆಗೆ ಹೋಯಿತು. ವರ್ಷದ ಮೇಲೆ ಮೂರು ಸಾಲಿನ ಟೀಕೆ ಬಂತು. ಹೋಕನ್ ದೊಡ್ಡ ಆಸ್ಪತ್ರೆಗೆ ಬಡ್ತಿ ಪಡೆದು ಹೋದ. ನನ್ನ ನಿವೃತ್ತಿಯ ವರ್ಷ ನಡೆದ ಒಂದು ಸಮ್ಮೇಳನದಲ್ಲಿ ಅವನು ವೇದಿಕೆ ಹತ್ತಿ, ಬೆನ್ನುನೀರಿಗೆ ಸರಿಯಾದ ಕೊಳವೆ ಎಷ್ಟು ಮುಖ್ಯ ಎಂದು ಮುಕ್ಕಾಲು ಗಂಟೆ ಮಾತಾಡಿದ. ಪರದೆಯ ಮೇಲೆ ಇಪ್ಪತ್ತೇಳು ಚುಕ್ಕೆಗಳನ್ನು ತೋರಿಸಿ, ಇವರೆಲ್ಲರಿಂದ ನಾವು ಬಹಳ ಕಲಿತೆವು ಎಂದ. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ನಾಲ್ಕಾರು ಸಲ ತಟ್ಟಿದ ಮೇಲೆ ಏನು ಮಾಡುತ್ತಿದ್ದೇನೆ ಎಂದು ಹೊಳೆಯಿತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಆ ಬೇಸಿಗೆಯಲ್ಲಿ ದ್ವೀಪಕ್ಕೆ ಹೋಗಿ ಅಲ್ಗೋಟನಿಗೆ ಇದನ್ನು ಹೇಳಿದೆ. ಅವನು ಚುಕ್ಕಾಣಿ ಕೋಣೆಯಲ್ಲಿದ್ದ, ದೋಣಿ ದಡಕ್ಕೆ ಹತ್ತಿರವಾಗುತ್ತಿತ್ತು. ಚುಕ್ಕೆಗಳಲ್ಲಿ ತನ್ನದು ಯಾವುದು ಎಂದು ಕೇಳಿದ. ಎಲ್ಲಕ್ಕಿಂತ ಕೆಳಗಿನದು ಎಂದೆ. ಸತ್ತುಹೋದ ಆ ಹೆಂಗಸಿನದು ಎಲ್ಲಿತ್ತು ಎಂದು ಕೇಳಿದ. ಅದು ನನಗೆ ಗೊತ್ತಿರಲಿಲ್ಲ.

"ಆ ಹೋಕನ್‌ಗೂ ಗೊತ್ತಿರಲ್ಲ," ಎಂದ. ಎದುರು ದಡದಲ್ಲಿ ಹಾಲಿನ ಲಾರಿಯೊಂದು ಕಾಯುತ್ತಿತ್ತು. ದೋಣಿ ದಡಕ್ಕೆ ಗಟ್ಟಿಯಾಗಿ ಒತ್ತಿ ನಿಂತದ್ದನ್ನು ನೋಡಿಕೊಂಡ ಮೇಲೆಯೇ ಗಾಡಿ ಹತ್ತುವ ಹಲಗೆ ಇಳಿಸಿದ.